ಹುಡುಕುವವರಿಲ್ಲದ ಪ್ರಾಣಿ

ಓದತಕ್ಕ ಭಾಗ: ಧರ್ಮೋಪದೇಶಕಾಂಡ 22: 1–3, ಯೆಹೆಜ್ಕೇಲ 16: 4–8

ಮೋಶೆಯ ಮೂಲಕ ಕೊಡಲ್ಪಟ್ಟ ಈ ಆಜ್ಞೆಯು ದನಕರುಗಳೊಂದಿಗೆ ಬಾಳುವ ನಮಗೆ ಬಹು ಸುಲಭವಾಗಿ ತಿಳಿಯುತ್ತದೆ. ಸಹೋದರನ ಎತ್ತಾಗಲಿ ಕುರಿಯಾಗಲಿ ದಾರಿ ತಪ್ಪಿ ಅಲೆಯುವದನ್ನು ಕಂಡರೆ ನಾವು ಕಾಣದವರಂತೆ ಸರಿದು ಹೋಗಬಾರದು. ಅದನ್ನು ಅವನಿಗೆ ಮುಟ್ಟಿಸಬೇಕು. ಅವನು ಯಾರೆಂದು ತಿಳಿಯದಿದ್ದರೆ, ಅವನು ಹುಡುಕಿಕೊಂಡು ಬರುವ ತನಕ ನಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಬೇಕು. ಇದೇ ಅದರ ತಾತ್ಪರ್ಯವು.

ಆದರೆ ಹುಡುಕಿಕೊಂಡು ಬರುವವನೇ ಇಲ್ಲದಿದ್ದರೆ ಏನು ಮಾಡತಕ್ಕದ್ದು? ನೆರಿಯದಂಥ ಘಟ್ಟದಡಿಯ ಗ್ರಾಮಗಳಲ್ಲಿ ಅಡಿಕೆ ತೋಟಕ್ಕೂ ರಬ್ಬರು ತೋಟಕ್ಕೂ ನಾಯಿಯೇ ಕಾವಲು. ಗಂಡುಮರಿಯನ್ನು ಕೇಳಿ ಒಯ್ಯುವವರುಂಟು. ಹೆಣ್ಣುಮರಿಗಳು ಗೋಣಿಚೀಲದೊಳಗೆ ಸೇರಿ ಮಾರ್ಗದ ಬದಿಗೋ ಮೀನಿನ ಮಾರುಕಟ್ಟೆಯ ಹಿಂದಕ್ಕೋ ಹೋಗುತ್ತವೆ. ಮುದಿಯಾದ ಕಾವಲು ನಾಯಿಯೂ ಒಂದು ದಿನ ಹಾಗೆಯೇ ಹೋಗುತ್ತದೆ. ಬಿಟ್ಟು ಬಂದವನು, ನಾನು ಕೊಲ್ಲಲಿಲ್ಲವಲ್ಲಾ, ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಹೌದು, ಅವನು ಕೊಲ್ಲಲಿಲ್ಲ. ಆಷಾಢದ ಮಳೆಗೂ ಹಸಿವೆಗೂ ಚಿರತೆಗೂ ಆ ಕೆಲಸವನ್ನು ವಹಿಸಿಕೊಟ್ಟನು. ಹಸಿವೆ ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವದು 1960ನೇ ಇಸವಿಯ ಪ್ರಾಣಿಹಿಂಸೆ ತಡೆ ಕಾನೂನಿನ ಪ್ರಕಾರ ಅಪರಾಧವು. ಕಾನೂನಿಗಿಂತ ಮುಂಚೆಯೇ ಜ್ಞಾನೋಕ್ತಿಗಳ 12ನೇ ಅಧ್ಯಾಯವು ನೀತಿವಂತನ ಗುರುತನ್ನು ಅವನ ಕೊಟ್ಟಿಗೆಯಲ್ಲಿಯೇ ತೋರಿಸಿಕೊಟ್ಟಿದೆ.

ಯೆಹೆಜ್ಕೇಲನು ಕಂಡ ನೋಟವನ್ನು ಈಗ ಯೋಚಿಸೋಣ. ಹುಟ್ಟಿದ ದಿನವೇ ಬೈಲಿಗೆ ಬಿಸಾಡಲ್ಪಟ್ಟ ಒಂದು ಹೆಣ್ಣುಶಿಶು. ತೊಳೆದವರಿಲ್ಲ, ಬಟ್ಟೆ ಸುತ್ತಿದವರಿಲ್ಲ, ಕನಿಕರಿಸಿದ ಕಣ್ಣು ಒಂದೂ ಇಲ್ಲ. ಆ ಮಾರ್ಗವಾಗಿ ಬಂದ ಕರ್ತನು ಅದನ್ನು ಕಂಡನು, ಬದುಕು ಎಂದನು. ಬಳಿಕ ತೊಳೆದನು, ಹೊದಿಸಿದನು, ತನ್ನದಾಗಿ ಮಾಡಿಕೊಂಡನು. ಪ್ರವಾದಿಯು ಯೆರೂಸಲೇಮನ್ನು ಕುರಿತು ಹೇಳಿದರೂ ಇದು ನಮ್ಮ ಕಥೆಯೂ ಆಗಿದೆ. ನಾವೇ ಎತ್ತಿಕೊಳ್ಳಲ್ಪಟ್ಟವರು. ಆದಕಾರಣ ಒಡೆಯನಿಲ್ಲದ ಪ್ರಾಣಿಯ ಮುಂದೆ ಒಡೆಯನ ಸ್ಥಾನದಲ್ಲಿ ನಿಲ್ಲುವದು ನಮಗೆ ಯುಕ್ತವಾಗಿದೆ.

ಆ ನೋಟದಲ್ಲಿ ಮೂರು ಕೆಲಸಗಳುಂಟು.

ಮೊದಲನೆಯದು, ಕಂಡು ನಿಲ್ಲುವದು. ಚಳಿಯಿಂದ ಮರಗಟ್ಟಿದ ಮರಿಗೆ ಕೂಡಲೇ ಹಾಲು ಹೊಯ್ಯಬಾರದು. ಮೊದಲು ಒಣಬಟ್ಟೆಯಲ್ಲಿ ಸುತ್ತಿ ಮೆಲ್ಲನೆ ಬೆಚ್ಚಗೆ ಮಾಡಬೇಕು. ಕುಡಿಸುವಾಗ ಬೆನ್ನಿನ ಮೇಲೆ ಮಲಗಿಸದೆ ಹೊಟ್ಟೆಯ ಮೇಲೆ ಇರಿಸಬೇಕು. ಗಾಯಗೊಂಡ ದೊಡ್ಡ ಪ್ರಾಣಿಯಾದರೆ 1962 ಎಂಬ ಸಂಖ್ಯೆಗೆ ಫೋನು ಮಾಡಿ ಪಶುವೈದ್ಯರ ಸಹಾಯವನ್ನು ಕೇಳಬಹುದು.

ಎರಡನೆಯದು, ತೊಳೆದು ಗುಣಪಡಿಸುವದು. ಕಜ್ಜಿ ಹಿಡಿದ ನಾಯಿಗೆ ಸುಟ್ಟ ಎಂಜಿನ್ ಎಣ್ಣೆ ಬಳಿಯುವ ವಾಡಿಕೆಯನ್ನು ಬಿಟ್ಟುಬಿಡಿರಿ. ಅದನ್ನು ನೆಕ್ಕಿದ ಪ್ರಾಣಿಗೆ ಅದು ವಿಷವೇ. ಪಶುವೈದ್ಯರಿಂದ ಔಷಧವನ್ನೂ, ತಕ್ಕ ಪ್ರಾಯದಲ್ಲಿ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿರಿ. ದಯೆಯೊಂದಿಗೆ ಎಚ್ಚರಿಕೆಯೂ ಬೇಕು. ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ತೋರಿದ ಮೇಲೆ ಮದ್ದು ಫಲಿಸುವದಿಲ್ಲ.

ಮೂರನೆಯದು, ಮನೆ ಸೇರಿಸುವದು. ಕೇಳಿದವರಿಗೆಲ್ಲಾ ಕೊಟ್ಟು ಕೈತೊಳೆಯುವದು ಎರಡನೆಯ ಸಾರಿ ಬಿಟ್ಟುಬಿಡುವದಕ್ಕೆ ಸಮ. ಆ ಮನೆಯಲ್ಲಿ ನೆರಳುಂಟೋ, ಹಗಲಿರುಳು ಸಂಕೋಲೆಯಲ್ಲಿಯೇ ಕಟ್ಟುವರೋ ಎಂದು ವಿಚಾರಿಸಿರಿ. ಕೊಟ್ಟ ಮೇಲೂ ಹೋಗಿ ನೋಡಿರಿ. ಹೆಣ್ಣುನಾಯಿಗೆ ಸಂತಾನ ತಡೆಯುವ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗೋಣಿಚೀಲಕ್ಕೆ ಮರಿಗಳೇ ಸಿಕ್ಕುವದಿಲ್ಲ. ಇಂಥ ಸೇವೆಗಾಗಿ ಮಂಗಳೂರಿನ ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟ್ ಎಂಬ ಆಶ್ರಯವುಂಟು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಸ್ತ್ರೀಯು ತನ್ನ ಮುಪ್ಪಿನಲ್ಲಿ, 1991ರಲ್ಲಿ, ಕ್ಯೂಪಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದಳು.

ಮನುಷ್ಯರೇ ದಿಕ್ಕಿಲ್ಲದೆ ಇರುವಾಗ ಪ್ರಾಣಿಗಳ ಚಿಂತೆ ಯಾಕೆ, ಎಂದು ಕೆಲವರು ಕೇಳುವರು. ಈ ಪ್ರಶ್ನೆಯನ್ನು ತಳ್ಳಿಬಿಡಬಾರದು. ನೆರಿಯದ ಗಂಡಿಬಾಗಿಲಿನ ಸಿಯೋನ್ ಆಶ್ರಮದಲ್ಲಿ ಬೀದಿಪಾಲಾದ ಮನುಷ್ಯರು ಆಶ್ರಯ ಪಡೆಯುತ್ತಾರೆ. ಅದು ದೊಡ್ಡ ಸೇವೆ. ಆದರೆ ಬಿದ್ದ ಮನುಷ್ಯನನ್ನು ಕಾಣುವ ಕಣ್ಣೂ ಬಿದ್ದ ನಾಯಿಯನ್ನು ಕಾಣುವ ಕಣ್ಣೂ ಬೇರೆ ಬೇರೆಯಲ್ಲ. 1824ರಲ್ಲಿ ಲಂಡನಿನಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘವು ಹುಟ್ಟಿದಾಗ, ದಾಸರ ಬಿಡುಗಡೆಗಾಗಿ ದುಡಿದ ವಿಲ್ಬರ್‌ಫೋರ್ಸನು ಅದರ ಸ್ಥಾಪಕರಲ್ಲಿ ಒಬ್ಬನಾಗಿದ್ದನು. ಅದನ್ನು ಕೂಡಿಸಿದ ಆರ್ಥರ್ ಬ್ರೂಮ್ ಎಂಬ ಸಭಾಪಾಲಕನು ಸಂಘದ ಸಾಲಕ್ಕಾಗಿ ಸೆರೆಮನೆಯನ್ನೂ ಕಂಡನು. ನಿನೆವೆಯ ಮೇಲೆ ಕನಿಕರಿಸಿದ ದೇವರು ಅಲ್ಲಿಯ ಜನರೊಂದಿಗೆ ಪಶುಗಳನ್ನೂ ಲೆಕ್ಕಕ್ಕೆ ಹಿಡಿದನೆಂದು ಯೋನನ ಗ್ರಂಥದ ಕೊನೆಯಲ್ಲಿ ಓದುತ್ತೇವಲ್ಲಾ.

ಎಲ್ಲಾ ಪ್ರಾಣಿಗಳನ್ನು ಕಾಪಾಡುವದು ನಮ್ಮಿಂದಾಗದು. ದೇವರು ಅದನ್ನು ನಮ್ಮಿಂದ ಕೇಳುವದೂ ಇಲ್ಲ. ನಮ್ಮ ಮನೆಯಿಂದ ಒಂದೂ ಬೀದಿಗೆ ಬೀಳದಿರಲಿ. ನಮ್ಮ ದಾರಿಯಲ್ಲಿ ಬಿದ್ದದ್ದನ್ನು ನಾವು ದಾಟಿ ಹೋಗದಿರೋಣ. ಬರುವ ಭಾನುವಾರ ದೇವಾಲಯಕ್ಕೆ ನಡೆಯುವಾಗ ಹಳ್ಳದ ಬದಿಯಿಂದ ಮರಿಯ ಕೂಗು ಕೇಳಿಸಿದರೆ, ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತಿನ ವಿಷಯವಾಗಿ ನಮ್ಮ ಕರ್ತನು ಕೇಳಿದ ಪ್ರಶ್ನೆಯನ್ನು ನೆನಸಿರಿ. ಆರಾಧನೆಗೆ ತುಸು ತಡವಾದರೂ ಆಗಲಿ. ನಮ್ಮನ್ನು ದಾಟಿ ಹೋಗದಿದ್ದ ದೇವರು ನಮಗೆ ಅಂಥ ಕಣ್ಣನ್ನೂ ಕೈಯನ್ನೂ ಅನುಗ್ರಹಿಸಲಿ. ಆಮೆನ್.