ಇಷ್ಟು ಉಸಿರು ಇರಬೇಕೆಂದವರು ಯಾರು?

ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. "ಪೂರ್ತಿ ಎಳ್ಕೊಳ್ಳಿ... ಈಗ ಊದಿ, ಊದಿ, ಇನ್ನೂ ಊದಿ, ನಿಲ್ಲಿಸ್ಬೇಡಿ!" ಎಂದು ಟೆಕ್ನಿಷಿಯನ್ ಹುರಿದುಂಬಿಸುತ್ತಾರೆ. ಊದುವವರ ಮುಖ ಕೆಂಪೇರುವ ಹೊತ್ತಿಗೆ ಪರದೆಯ ಮೇಲೆ ಗೆರೆಯೊಂದು ಸರ್ರನೆ ಏರಿ ಮೆಲ್ಲಗೆ ಇಳಿದಿರುತ್ತದೆ. ಒಟ್ಟು ಎಷ್ಟು ಲೀಟರ್ ಗಾಳಿ ಹೊರಬಂತು, ಮೊದಲ ಸೆಕೆಂಡಿನಲ್ಲಿ ಎಷ್ಟು ಬಂತು ಎಂಬುದನ್ನು ಎಲೆಕ್ಟ್ರಾನಿಕ್ ಸ್ಪೈರೋಮೀಟರ್ ಚೊಕ್ಕವಾಗಿ ಹೇಳುತ್ತದೆ. ಅದರಲ್ಲಿ ತಕರಾರಿಲ್ಲ. ತಕರಾರು ಪಕ್ಕದ ಶೇಕಡಾ ಅಂಕಿಯದು. ನಿಮ್ಮ ಉಸಿರು ಇರಬೇಕಾದ್ದರಲ್ಲಿ ಎಷ್ಟು ಪಾಲು ಎಂದು ಅದು ತೀರ್ಪು ಕೊಡುತ್ತದೆ. ಆ ‘ಇರಬೇಕಾದ್ದು’ ಯಾರದು?

ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೋಮೀಟರಿನ ವರದಿ ಪ್ರಕಟಿಸಿದಾಗ ನಾವಿಕರು, ಪೊಲೀಸರು, ಕುಸ್ತಿಪಟುಗಳು, ಕಡುಬಡವರು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಅದರೊಳಕ್ಕೆ ಊದಿದ್ದರು. ಎತ್ತರ ಹೆಚ್ಚಿದಂತೆ ಉಸಿರೂ ಹೆಚ್ಚುತ್ತದೆ ಎಂದು ಆತ ಕಂಡುಕೊಂಡ. ಜೀವವಿಮೆಯವರಿಗೆ ಈ ಲೆಕ್ಕ ಉಪಯೋಗವಾಗಲಿ ಎಂಬ ಆಸೆಯೂ ಆತನಿಗಿತ್ತು.

ಅಟ್ಲಾಂಟಿಕ್ ದಾಟಿದ ಮೇಲೆ ಅಳತೆಯ ಬಣ್ಣವೇ ಬದಲಾಯಿತು. ಅಮೆರಿಕದ ದಕ್ಷಿಣ ರಾಜ್ಯಗಳ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಕರಿಯರ ಶ್ವಾಸಸಾಮರ್ಥ್ಯ ಬಿಳಿಯರದಕ್ಕಿಂತ ಶೇ. 20ರಷ್ಟು ಕಡಿಮೆ ಎಂದ. ಗುಲಾಮಗಿರಿಯ ದುಡಿತವೇ ಅವರಿಗೆ ಮದ್ದು ಎಂದೂ ವಾದಿಸಿದ. ಗುಲಾಮರು ಓಡಿಹೋಗುವುದನ್ನೇ ಒಂದು ಕಾಯಿಲೆ ಎಂದು ಕರೆದ ಮಹಾಶಯನೂ ಈತನೇ. ಗುಲಾಮಗಿರಿ ಹೋಯಿತು, ಆದರೆ ‘ಜನಾಂಗ’ದ ಹೆಸರಿನ ವಜಾ ಉಳಿಯಿತು. ಮುಂದೆ ಅದು ಯಂತ್ರದ ತಂತ್ರಾಂಶದೊಳಕ್ಕೇ ಇಳಿದು ಕೂತಿತು.

ಲೆಕ್ಕ ಹಾಕಿ ನೋಡಬಹುದು. ಒಬ್ಬಾತ 2.9 ಲೀಟರ್ ಊದಿದ ಎನ್ನಿ. ಇರಬೇಕಾದ್ದು 4 ಲೀಟರ್ ಆದರೆ ಅದು ಶೇ. 72.5, ಹಳೆಯ ರೂಢಿಯ ಶೇ. 80ರ ಗೆರೆಗಿಂತ ಕೆಳಗೆ, ಅಂದರೆ ರೋಗಿ. ಜನಾಂಗದ ಹೆಸರಲ್ಲಿ ಶೇ. 15 ಕಳೆದು 3.4 ಲೀಟರ್ ಸಾಕು ಎಂದರೆ ಅದೇ ಉಸಿರು ಶೇ. 85. ಆತ ಆರೋಗ್ಯವಂತ, ಪರಿಹಾರ ಬೇಕಿಲ್ಲ! ಕಲ್ನಾರಿನ ಧೂಳು ಕುಡಿದವರ ಮೊಕದ್ದಮೆಯಲ್ಲಿ ಅಮೆರಿಕದ ಕಂಪನಿಯೊಂದು 1999ರಲ್ಲಿ ಇಂಥದ್ದೇ ಪಟ್ಟು ಹಾಕಿತ್ತು.

ಉಸಿರನ್ನು ಹೀಗೆ ಬಣ್ಣದಿಂದ ಅಳೆಯದ ಹಳೆಯ ಕಥೆಯೊಂದಿದೆ. ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಮಾತು, ಕಣ್ಣು, ಕಿವಿ, ಮನಸ್ಸುಗಳು ಯಾರು ಹೆಚ್ಚೆಂದು ಪ್ರಾಣದ ಜೊತೆ ಜಗಳಕ್ಕೆ ಬೀಳುತ್ತವೆ. ಒಂದೊಂದೂ ವರ್ಷಕಾಲ ದೇಹ ಬಿಟ್ಟುಹೋದರೂ ಮನುಷ್ಯ ಮೂಕನಾಗಿ, ಕುರುಡನಾಗಿ ಬದುಕಿಯೇ ಇರುತ್ತಾನೆ. ಪ್ರಾಣ ಹೊರಡಲು ಎದ್ದಾಗ ಮಾತ್ರ ಉಳಿದವೆಲ್ಲ ಬುಡಸಮೇತ ಅಲುಗಿ ಶರಣಾಗುತ್ತವೆ. ಈ ಕಥೆಯ ಪ್ರಾಣಕ್ಕೆ ಮೈಬಣ್ಣವಿಲ್ಲ, ಕುಲವಿಲ್ಲ. (ಅದೇ ಅಧ್ಯಾಯ ಮುಂದೆ ಒಳ್ಳೆಯ ಹುಟ್ಟು, ಕೀಳು ಹುಟ್ಟಿನ ಮಾತಿಗೂ ಇಳಿಯುತ್ತದೆ; ಅದನ್ನು ಮುಚ್ಚಿಡಬೇಕಿಲ್ಲ.)

ಸರಾಸರಿಗಳಲ್ಲಿ ವ್ಯತ್ಯಾಸ ಇರುವುದು ನಿಜ. ಮೈಕಟ್ಟು, ಬಾಲ್ಯದ ಊಟ, ಒಲೆಯ ಹೊಗೆ, ಕೆಲಸದ ಧೂಳು ಎಲ್ಲವೂ ಅದರೊಳಗೆ ಬೆರೆತಿರುತ್ತವೆ. ಹೆಚ್ಚಿನವರಲ್ಲಿ ಕಂಡದ್ದೇ ಸಹಜ ಎಂದುಬಿಟ್ಟರೆ ಹೊಗೆಗೂ ಹಸಿವಿಗೂ ಮಾಫಿ ಸಿಕ್ಕಂತೆ. ಫ್ರೆಂಚ್ ವೈದ್ಯ, ದಾರ್ಶನಿಕ ಜಾರ್ಜ್ ಕಾಂಗಿಲೆಮ್ 1943ರ ಪ್ರಬಂಧದಲ್ಲಿ ವಾದಿಸಿದ್ದೂ ಇದರ ಹತ್ತಿರದ್ದೇ: ಸರಾಸರಿಯಿಂದ ಆರೋಗ್ಯ ತೀರ್ಮಾನವಾಗದು.

ಅಮೆರಿಕನ್ ಥೊರಾಸಿಕ್ ಸೊಸೈಟಿ 2023ರಲ್ಲಿ ಜನಾಂಗದ ಲೆಕ್ಕ ಬಿಟ್ಟ ಸೂತ್ರವನ್ನು ಶಿಫಾರಸು ಮಾಡಿತು. ಅದರಲ್ಲೂ ತೊಡಕಿದೆ: ಕೆಲವರಿಗೆ ಪರಿಹಾರ ಸಿಗುವಂತಾದರೆ, ಇನ್ನು ಕೆಲವರಿಗೆ ಅದೇ ಅಂಕಿಯಿಂದ ಕೆಲಸ ತಪ್ಪಬಹುದು. ಭಾರತೀಯರ ಪಾಡು ಬೇರೆ. 2012ರ ಜಾಗತಿಕ ಸೂತ್ರಗಳಲ್ಲಿ ನಮಗೆ ಪ್ರತ್ಯೇಕ ಗುಂಪೇ ಇರಲಿಲ್ಲ, ‘ಇತರೆ’ಯಲ್ಲಿ ಸೇರಿಕೊಳ್ಳಬೇಕಿತ್ತು. ಇಳಕಲ್ಲಿನ ಗ್ರಾನೈಟ್ ಗಣಿಯಲ್ಲಿ ದುಡಿದವನು ಪರಿಹಾರಕ್ಕೆಂದು ಊದುವ ಮುಂಚೆ ಯಂತ್ರದಲ್ಲಿ ಯಾವ ಸೂತ್ರ ಒತ್ತಿದ್ದಾರೆ ಎಂದು ಕೇಳುವ ವಕೀಲ ಅವನಿಗೆ ಬೇಕು.