ನರಿಗೆ ಶಿಕ್ಷೆ ಕೊಡುವವರು

ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂಟಿಮನೆಗಳಲ್ಲಿ ಕೋಳಿ ಸಾಕುವವರಿಗೆ ನರಿಯ ಕಾಟ ಹೊಸದಲ್ಲ. ಮನೆಯ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ಕತ್ತಲಾದ ಮೇಲೆ ಅಂಗಳಕ್ಕೆ ಇಳಿಯಲು ನರಿಗೆ ಒಂದು ಬೇಲಿ ನುಸುಳಿದರೆ ಸಾಕು. ಮಲೆನಾಡಿನಲ್ಲಿ ನರಿ ಎಂದರೆ ಮುಸ್ಸಂಜೆಗೆ ಊಳಿಡುವ ಗುಳ್ಳೆನರಿ. ಬಯಲುಸೀಮೆಯ ಕುರುಚಲಿನಲ್ಲಿ ಬಿಲ ತೋಡಿಕೊಂಡಿರುವ ಸಣ್ಣ ನರಿ ಬೇರೆಯೇ ಪ್ರಾಣಿ. ಬೆಳಿಗ್ಗೆ ಗೂಡಿನ ಮುಂದೆ ಪುಕ್ಕ ಚೆಲ್ಲಿದ್ದರೆ ಮನೆಯವರ ಬಾಯಲ್ಲಿ ಎರಡು ಮಾತು ಬರುತ್ತವೆ: ಕಳ್ಳ ನರಿ ಎನ್ನುವುದು ಒಂದು, ಅದಕ್ಕೊಂದು ಗತಿ ಕಾಣಿಸಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಆರೋಪ, ಎರಡನೆಯದು ತೀರ್ಪು. ನಡುವೆ ವಿಚಾರಣೆಯೇ ಇಲ್ಲ ಎಂಬುದು ನನ್ನ ತಕರಾರು. ಅಸಲಿಗೆ ಬಂದದ್ದು ನರಿಯೋ, ಕಾಡುಬೆಕ್ಕೋ, ಪುನುಗಿನ ಬೆಕ್ಕೋ, ಮುಂಗುಸಿಯೋ ಎಂದು ನೋಡುವ ವ್ಯವಧಾನವೂ ಆ ಹೊತ್ತಿನಲ್ಲಿ ಇರುವುದಿಲ್ಲ. ನರಿಯನ್ನು ತಡೆಯಬಹುದು, ಬೆದರಿಸಿ ಓಡಿಸಬಹುದು. ಶಿಕ್ಷಿಸಲು ಮಾತ್ರ ಬರುವುದಿಲ್ಲ. ಈ ಜಗಳದಲ್ಲಿ ಧರ್ಮಕ್ಕೆ ಉತ್ತರ ಹೇಳಬೇಕಾದವರು ಸಂಜೆ ಗೂಡಿನ ಬಾಗಿಲು ಹಾಕುವವರು ಮಾತ್ರ.

ಇದು ನನ್ನ ಹೊಸ ಸಿದ್ಧಾಂತವೇನಲ್ಲ. ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದಲ್ಲಿ ವೇದದ ವಿಧಿ ಯಾರಿಗೆ ಅನ್ವಯಿಸುತ್ತದೆ ಎಂಬ ಚರ್ಚೆ ಬರುತ್ತದೆ. ಪ್ರಾಣಿಗಳಿಗೆ ಆ ಅಧಿಕಾರವಿಲ್ಲ ಎಂದೇ ಅಲ್ಲಿನ ನಿರ್ಣಯ. ವಿಧಿಯೇ ಇಲ್ಲದವರಿಗೆ ವಿಧಿ ಮೀರಿದ ದೋಷ ಎಲ್ಲಿಂದ ಬರಬೇಕು? ಯುರೋಪಿನಲ್ಲಿ ಒಂದು ಕಾಲಕ್ಕೆ ಇದಕ್ಕೆ ವಿರುದ್ಧವಾಗಿ ನಡೆದುಕೊಂಡರು. 1386ರಲ್ಲಿ ಫ್ರಾನ್ಸಿನ ಫಲೇಸ್ ಪಟ್ಟಣದಲ್ಲಿ ಮಗುವನ್ನು ಕೊಂದ ಹೆಣ್ಣುಹಂದಿಯೊಂದನ್ನು ವಿಚಾರಣೆಗೆ ಒಳಪಡಿಸಿ ಗಲ್ಲಿಗೇರಿಸಿದರು. ಅದನ್ನು ಓದಿ ನಾವು ನಗುತ್ತೇವೆ, ಆದರೆ ಅಂಗಳದಲ್ಲಿ ನಿಂತು ನರಿಗೆ ಪಾಠ ಕಲಿಸುತ್ತೇನೆ ಎನ್ನುವವರು ಮಾಡುವುದೂ ಅದನ್ನೇ, ವಕೀಲರಿಲ್ಲದೆ. ನಮ್ಮನ್ನು ಹೀಗೆ ದಾರಿ ತಪ್ಪಿಸುವುದರಲ್ಲಿ ಕತೆಗಳ ಪಾಲೂ ಇದೆ. ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗಿನಿಂದ ನರಿ ನಮಗೆ ಕುಹಕಿ ಮಂತ್ರಿ. ಗೋವಿನ ಹಾಡಿನ ಹುಲಿಯಾದರೋ ಪಶ್ಚಾತ್ತಾಪಪಟ್ಟು ಪ್ರಾಣ ಬಿಡುತ್ತದೆ; ಕೇಳುತ್ತ ಬೆಳೆದ ಮಕ್ಕಳಿಗೆ ಹಸಿದ ಪ್ರಾಣಿಗಳೆಲ್ಲ ನಾಚಿಕೊಳ್ಳಬೇಕು ಎಂಬ ನಿರೀಕ್ಷೆ ಹುಟ್ಟಿದರೆ ಆಶ್ಚರ್ಯವಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಮಾಂಸ ಬಿಟ್ಟು ಹಣ್ಣು ತಿಂದು ಬದುಕುವ ನರಿಯೊಂದಿದೆಯಲ್ಲ, ಮನಸ್ಸು ಮಾಡಿದರೆ ನರಿಗೂ ಸಾಧ್ಯ ಎಂದಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆ ನರಿ ಹಿಂದಿನ ಜನ್ಮದಲ್ಲಿ ಪೌರಿಕನೆಂಬ ಕ್ರೂರ ಅರಸು, ಅದರ ನೆನಪೂ ಅದಕ್ಕಿದೆ. ನರಿಗೆ ಧರ್ಮಬುದ್ಧಿ ಕೊಡಬೇಕಾದಾಗ ವ್ಯಾಸರೂ ಅದರೊಳಗೆ ಮನುಷ್ಯನೊಬ್ಬನನ್ನು ಕೂರಿಸಬೇಕಾಯಿತು!

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹಸಿವೇ ಆಗಿದ್ದರೆ ಒಂದು ಹೇಂಟೆಯನ್ನು ಕಚ್ಚಿಕೊಂಡು ಹೋಗಬೇಕಿತ್ತು. ಗೂಡಿನೊಳಗೆ ನುಗ್ಗಿ ಹೇಂಟೆ, ಹುಂಜ, ಹೂಮರಿ ಎನ್ನದೆ ಎಲ್ಲವನ್ನೂ ಕೊಂದು ಒಂದನ್ನು ಮಾತ್ರ ಒಯ್ಯುವುದು ಹಸಿವಲ್ಲ, ದುಷ್ಟತನ ಎನ್ನುತ್ತಾರೆ. ಪ್ರಾಣಿವರ್ತನೆಯ ವಿಜ್ಞಾನಿ ಹಾನ್ಸ್ ಕ್ರೂಕ್ 1972ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯದೇ. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಗಲ್ ಹಕ್ಕಿಗಳನ್ನು ಅಲ್ಲಿನ ಕೆಂಪು ನರಿಗಳು ಕಗ್ಗತ್ತಲ ರಾತ್ರಿಗಳಲ್ಲಿ ರಾಶಿ ರಾಶಿಯಾಗಿ ಕೊಂದು ತಿನ್ನದೆ ಬಿಟ್ಟುಹೋಗುತ್ತಿದ್ದವು. ಅಂಥ ಕತ್ತಲಿನಲ್ಲಿ ಹಕ್ಕಿಗಳು ಹಾರದೆ ಕೂತಲ್ಲೇ ಕೂತಿರುತ್ತಿದ್ದದ್ದೇ ಕಾರಣ. ಬೇಟೆಗಾರ ಪ್ರಾಣಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಚದುರಿಹೋಗುವುದು ಕಾಡಿನ ಸಾಮಾನ್ಯ ರೀತಿ. ಆದ್ದರಿಂದ ಸಾಕು ಎಂದು ನಿಲ್ಲುವ ಅಗತ್ಯವೇ ಅದಕ್ಕೆ ಬಿದ್ದಿಲ್ಲ. ಓಡಲಾರದ ಬೇಟೆ ಕಣ್ಣೆದುರು ಒದ್ದಾಡುತ್ತಿದ್ದರೆ ಮೆಟ್ಟುವುದು ಮುಂದುವರಿಯುತ್ತಲೇ ಇರುತ್ತದೆ. ಕೋಳಿಗೂಡು ಕಗ್ಗತ್ತಲ ರಾತ್ರಿಯ ಆ ಕಡಲತೀರವೇ. ಹಾರಿ ಮರ ಹತ್ತುವ ದಾರಿಯನ್ನು ಕೋಳಿಗೆ ಮುಚ್ಚಿ, ನುಗ್ಗುವ ಸಂದನ್ನು ನರಿಗೆ ತೆರೆದಿಟ್ಟರೆ ಆ ಹತ್ಯಾಕಾಂಡಕ್ಕೆ ರಂಗ ಕಟ್ಟಿದವರು ಯಾರು?

ಹಾಗೆಂದು ಕೋಳಿಯನ್ನು ನರಿಗೆ ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಶಿಬಿ ಚಕ್ರವರ್ತಿಯ ಕತೆಯಲ್ಲಿ ಪಾರಿವಾಳದ ದೈನ್ಯ ಎಲ್ಲರಿಗೂ ನೆನಪಿರುತ್ತದೆ, ಗಿಡುಗದ ವಾದ ನೆನಪಿರುವುದಿಲ್ಲ. ಪಾರಿವಾಳ ನನ್ನ ಆಹಾರ, ಅದನ್ನು ತಪ್ಪಿಸಿದರೆ ನಾನೂ ನನ್ನ ಸಂಸಾರವೂ ಸಾಯುತ್ತೇವೆ, ಒಂದು ಜೀವ ಉಳಿಸಲು ಹಲವು ಜೀವ ತೆಗೆಯುವುದು ಯಾವ ಧರ್ಮ ಎಂದು ಅದು ಕೇಳುತ್ತದೆ. ಶಿಬಿ ಗಿಡುಗನನ್ನು ಪಾಪಿ ಎನ್ನುವುದಿಲ್ಲ, ಅದರತ್ತ ಬಾಣವನ್ನೂ ಎತ್ತುವುದಿಲ್ಲ, ತಕ್ಕಡಿ ತರಿಸುತ್ತಾನೆ. ಅಭಯ ಕೊಟ್ಟವನು ಅದರ ಬೆಲೆಯನ್ನು ತಾನೇ ತೆರಬೇಕು, ಹಸಿದವನ ಮೇಲೆ ಹೊರಿಸಬಾರದು ಎಂದು ನಾನು ಆ ಕತೆಯನ್ನು ಓದುತ್ತೇನೆ. ಶಿಬಿಗೆ ತೊಡೆಯ ಮಾಂಸ ಬೇಕಾಯಿತು. ನಮಗೆ ಒಂದಷ್ಟು ಜಂಬಿಟ್ಟಿಗೆ ಕಲ್ಲು, ಅಡಿಕೆ ದಬ್ಬೆ, ನೆಲದೊಳಗೆ ಒಂದಡಿ ಹುಗಿದ ಗಟ್ಟಿ ಜಾಲರಿ, ಮೂತಿಯಿಂದ ತಳ್ಳಿದರೆ ತೆರೆಯದ ಚಿಲಕ ಮತ್ತು ಪ್ರತಿ ಸಂಜೆ ಮರೆಯದ ಕೈ ಸಾಕು. ಕೋಳಿ ಶರಣು ಬಂದ ಪಾರಿವಾಳವಲ್ಲ, ಚೌಡಿಗೆ ಕೊಡಲೋ ಹಬ್ಬದ ಸಾರಿಗೋ ನಾವೇ ಕೊಯ್ಯಲು ಸಾಕಿದ್ದು ಎಂದು ನಗುವವರಿದ್ದಾರೆ. ನಗಲಿ. ಆದರೆ ಆ ಮಾತು ನರಿಯ ಮೇಲಿನ ನೈತಿಕ ಕೋಪಕ್ಕೇ ನೀರು ಹಾಕುತ್ತದೆ: ಕೋಳಿಯ ಸಾವು ದುಃಖವಲ್ಲ, ನಮ್ಮದನ್ನು ಇನ್ನೊಬ್ಬರು ತಿಂದರೆಂಬುದು ದುಃಖ ಎಂದಾಗುತ್ತದೆ. ಅದು ನಷ್ಟ, ನಿಜ. ನಷ್ಟ ತಡೆಯಲು ಚಿಲಕ ಸಾಲುತ್ತದೆ.

ಹೊಸನಗರ ತಾಲ್ಲೂಕಿನ ಹುಂಚ ಸಾಂತರಸರ ಕಾಲದಿಂದಲೂ ಜೈನಕ್ಷೇತ್ರ. ಅಹಿಂಸೆಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದ ಆ ಧರ್ಮವೂ ಗೃಹಸ್ಥರನ್ನು ಅಸಾಧ್ಯಕ್ಕೆ ಕಟ್ಟಿಹಾಕಲಿಲ್ಲ. ಅಡುಗೆ ಮೊದಲಾದ ಮನೆಗೆಲಸದಲ್ಲಿ ಆಗುವ ಹಿಂಸೆ, ಕಸುಬಿನಲ್ಲಿ ಆಗುವ ಹಿಂಸೆ, ಮೇಲೆ ಬಿದ್ದವರನ್ನು ಎದುರಿಸುವಾಗಿನ ವಿರೋಧೀ ಹಿಂಸೆ, ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ಎಂದು ಅದು ವಿಂಗಡಿಸುತ್ತದೆ. ಶ್ರಾವಕರಿಗೆ ಪೂರ್ತಿ ನಿಷಿದ್ಧವಾದದ್ದು ಕೊನೆಯದು. ನಡುರಾತ್ರಿ ಗೂಡಿನಲ್ಲಿ ಗಲಾಟೆಯಾಗಿ, ಮನೆಯವರು ದೊಣ್ಣೆ ಬೀಸಿ, ನಾಯಿ ಮೇಲೆ ಬಿದ್ದು ನರಿಗೆ ಪೆಟ್ಟಾದರೆ ಅದು ವಿರೋಧ. ಹುಚ್ಚು ಹಿಡಿದ ನರಿ ಮನುಷ್ಯರ ಮೇಲೆ ಎರಗಿದಾಗಿನ ಪ್ರಶ್ನೆಯೂ ಬೇರೆ. ಆದರೆ ಹಾಡಹಗಲು ತಣ್ಣಗೆ ಕೂತು ಸತ್ತ ಕೋಳಿಗೆ ಕೀಟನಾಶಕ ಬೆರೆಸುವುದು, ಬೇಲಿಯ ಸಂದಿಗೆ ಉರುಳು ಕಟ್ಟುವುದು, ಬೆಳೆ ರಕ್ಷಣೆಗೆಂದು ಪಡೆದ ಕೋವಿ ಹಿಡಿದು ಬೆಟ್ಟ ಹತ್ತುವುದು ಸಂಕಲ್ಪವಲ್ಲದೆ ಮತ್ತೇನು? ವಿಷಕ್ಕಂತೂ ಅಪರಾಧಿ ನಿರಪರಾಧಿ ಎಂಬ ಭೇದವಿಲ್ಲ. ಕಾಗೆಯೂ ಪಕ್ಕದ ಮನೆಯ ನಾಯಿಯೂ ಅದಕ್ಕೆ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಹೆಚ್ಚುಕಡಿಮೆ ಇದೇ ಗೆರೆಯನ್ನು ಎಳೆದಿದೆ: ತನ್ನ ಅಥವಾ ಇನ್ನೊಬ್ಬ ಮನುಷ್ಯನ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ, ಕೋಳಿಯ ರಕ್ಷಣೆಗೆಂದು ಆ ವಿನಾಯಿತಿ ಇಲ್ಲ. ಇರುವ ನರಿಯನ್ನು ಕೊಂದರೆ ತೆರವಾದ ಸರಹದ್ದಿಗೆ ಇನ್ನೊಂದು ಜೋಡಿ ಬರುತ್ತದೆ ಎಂಬುದು ಬೇರೆ ಮಾತು. ಗದ್ದೆಯ ಇಲಿ ತಿನ್ನುವುದೂ ಇದೇ ನರಿ. ಆದರೆ ಉಪಯೋಗದ ಲೆಕ್ಕದ ಮೇಲೆ ನನ್ನ ವಾದವನ್ನು ನಿಲ್ಲಿಸಲಾರೆ. ಇಲಿ ತಿನ್ನದ ನರಿಯೂ ನಿರಪರಾಧಿಯೇ.

ಉಳಿದಿರುವುದು ಬಡವರ ಪ್ರಶ್ನೆ, ಅದನ್ನು ತಳ್ಳಿಹಾಕಲಾಗದು. ಮಲೆನಾಡಿನ ಕೂಲಿಯವರ ಮನೆಯಲ್ಲಿ ಕೋಳಿ ಹೆಣ್ಣುಮಕ್ಕಳ ಗಂಟು. ಮೊಟ್ಟೆ ಮಾರಿದ ಕಾಸು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಕಾಸು. ಅವರಿಗೆ ಶಿಬಿಯ ಕತೆ ಹೇಳಿ ಜಾಲರಿ ಕೊಳ್ಳಿ ಎನ್ನುವುದು ಸುಲಭದ ಉಪದೇಶವಾದೀತು. ಆದರೆ ಶಿಬಿ ಅರಸು ಎಂಬುದನ್ನು ಮರೆಯಬಾರದು: ಬೆಲೆ ತೆರಲು ಶಕ್ತಿಯಿದ್ದವನೇ ತೆತ್ತ. ನರಿ ಬದುಕಬೇಕೆಂದು ಕಾಯ್ದೆ ಮಾಡಿದ್ದು ಇಡೀ ಸಮಾಜ. ಅದರ ವೆಚ್ಚವನ್ನು ಕಾನಿನ ಅಂಚಿನ ನಾಲ್ಕು ಮನೆಯವರ ಮೇಲೆ ಬಿಟ್ಟು ಕೂತರೆ ಅಭಯ ಕೊಟ್ಟ ಹೆಸರು ನಮಗೆ, ಮಾಂಸ ಕೊಯ್ದುಕೊಡುವ ಪಾಲು ಅವರಿಗೆ. ಹುಲಿ ಹಸುವನ್ನು ಕೊಂದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಎರಡು ಹೇಂಟೆ ಹೋಯಿತೆಂದು ಅರ್ಜಿ ಬರೆದು ಕಚೇರಿಗೆ ಅಲೆಯುವುದರಲ್ಲಿ ಒಂದು ದಿನದ ಕೂಲಿಯೇ ಹೋಗುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ಸತ್ತ ಕೋಳಿಗೆ ಪರಿಹಾರವಲ್ಲ, ಬದುಕಿರುವ ಕೋಳಿಗೆ ಭದ್ರವಾದ ಗೂಡು. ಉದ್ಯೋಗ ಖಾತ್ರಿಯ ಕಾಮಗಾರಿಗಳಲ್ಲಿ ಕೋಳಿ ಶೆಡ್ಡಿಗೂ ಜಾಗ ಸಿಕ್ಕಿತ್ತು. ಗ್ರಾಮಸಭೆಯಲ್ಲಿ ನರಿಕಾಟದ ಮಾತು ಬಂದಾಗ ಕೋವಿಯ ಪರವಾನಗಿ ಕೇಳುವ ಬದಲು ಆ ಶೆಡ್ಡಿನ ಪಟ್ಟಿಗೆ ಕಾನಿನ ಅಂಚಿನ ಮನೆಗಳ ಹೆಸರನ್ನು ಮೊದಲು ಬರೆಸಬಹುದು.