ಕಾಣದ ಕಲ್ಲಿನ ಬಗ್ಗೆ ಎಷ್ಟು ಹೇಳಬಹುದು?

ಸುಮಾ: ಸರ್, 2016ರಲ್ಲಿ ಉತ್ಪಾದನೆ ನಿಂತ ನಾರ್ವೆಯ ವೋಲ್ವೆ ತೈಲಕ್ಷೇತ್ರದ ದತ್ತಾಂಶ 2018ರಿಂದ ಎಲ್ಲರಿಗೂ ಮುಕ್ತವಾಗಿದೆ. ಅಲ್ಲಿನ ಸೈಸ್ಮಿಕ್ ದಾಖಲೆ (ನೆಲದಡಿಯಿಂದ ಮರಳುವ ಅಲೆಗಳ ಪ್ರತಿಧ್ವನಿ) ನೋಡಿ ಮರಳುಗಲ್ಲಿನ ಸರಂಧ್ರತೆ, ಅಂದರೆ ಕಲ್ಲಿನಲ್ಲಿ ರಂಧ್ರಗಳ ಪಾಲು ಎಷ್ಟೆಂದು ಹೇಳುವುದನ್ನು ಯಂತ್ರಕ್ಕೆ ಕಲಿಸಿದೆವು. ಅಳತೆಗೂ ಊಹೆಗೂ ತಾಳೆಯಾಗುತ್ತಿದೆ. ಇನ್ನು ಕಲ್ಲಿನೊಳಗಿನದು ನಮಗೆ ತಿಳಿದಂತೆಯೇ ಅಲ್ಲವೇ?

ರಾಯರು: ತಾಳೆ ನೋಡಿದ್ದು ಯಾವ ಬಾವಿಯಲ್ಲಿ?

ಸುಮಾ: ಎಲ್ಲ ಬಾವಿಗಳ ಅಳತೆಗಳನ್ನೂ ಕಲಸಿ, ಐದರಲ್ಲೊಂದು ಪಾಲನ್ನು ಪರೀಕ್ಷೆಗೆ ತೆಗೆದಿಟ್ಟಿದ್ದೆವು.

ರಾಯರು: ಬಾವಿಯ ಲಾಗ್, ಅಂದರೆ ಆಳದುದ್ದಕ್ಕೂ ಪಡೆದ ಅಳತೆಗಳ ದಾಖಲೆ, ಸುಮಾರು 15 ಸೆಂ.ಮೀ.ಗೊಂದು ಅಳತೆ ಕೊಡುತ್ತದೆ. ಒಂದು ಅಳತೆ ಕಲಿಕೆಗೂ ಅದರ ಪಕ್ಕದ್ದು ಪರೀಕ್ಷೆಗೂ ಹೋದರೆ, ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಂತಾಯಿತು. ಇಡೀ ಒಂದು ಬಾವಿಯನ್ನೇ ಮುಚ್ಚಿಟ್ಟು ನೋಡು.

ಸುಮಾ: ಫಲಿತಾಂಶ ಇಳಿಯಬಹುದು. ಬಾವಿಗಳು ಹೆಚ್ಚಿದರೆ ಸರಿಹೋಗುತ್ತದಲ್ಲ?

ರಾಯರು: ಸ್ವಲ್ಪ ಮಟ್ಟಿಗೆ. ಆದರೆ ಅಲೆ ಹೊತ್ತು ತರದ ಸುದ್ದಿಯನ್ನು ಯಂತ್ರ ಎಲ್ಲಿಂದ ತರಬೇಕು? ಕಲ್ಲಿನಲ್ಲಿ ಸೆಕೆಂಡಿಗೆ 3,000 ಮೀಟರ್ ಓಡುವ 30 ಹರ್ಟ್ಸ್ ಅಲೆಯ ಉದ್ದ 100 ಮೀಟರ್. ಅದರ ಕಾಲು ಭಾಗಕ್ಕಿಂತ, ಅಂದರೆ 25 ಮೀಟರಿಗಿಂತ ತೆಳುವಾದ ಪದರದ ಮೇಲ್ಮೈಯೂ ತಳವೂ ಬೇರೆಬೇರೆಯಾಗಿ ಕಾಣುವುದು ಕಷ್ಟ. ಅನಿಲದ ವಿಷಯ ಇನ್ನೂ ತೊಡಕಿನದು. ರಂಧ್ರಗಳ ನೀರಿಗೆ ಕೊಂಚ ಅನಿಲ ಬೆರೆತರೂ ಸಾಕು, ಅಲೆಯ ವೇಗ ಬಹಳ ಕುಸಿಯುತ್ತದೆ. ಆಮೇಲೆ ಅನಿಲ ಎಷ್ಟು ಹೆಚ್ಚಿದರೂ ವೇಗ ಅಷ್ಟಾಗಿ ಬದಲಾಗದು. ಹೀಗಾಗಿ ಲಾಭ ತರುವ ಜಾಗವೂ ಲಾಭ ತರದ ಜಾಗವೂ ಸೈಸ್ಮಿಕ್ ಚಿತ್ರದಲ್ಲಿ ಒಂದೇ ತೆರನಾಗಿ ಹೊಳೆಯಬಹುದು. ಒಂದೇ ಪ್ರತಿಧ್ವನಿಗೆ ಹಲವು ಬಗೆಯ ಕಲ್ಲು ಕಾರಣವಾಗಬಲ್ಲದು. ಹಿಂದೆ ಕಂಡದ್ದನ್ನು ನೆಚ್ಚಿ ಯಂತ್ರ ಅವುಗಳಲ್ಲೊಂದನ್ನು ಆರಿಸುತ್ತದೆ. ಆ ಆಯ್ಕೆಯನ್ನು ಅರಿವು ಎನ್ನಲು ನನಗೆ ಮನಸ್ಸು ಬಾರದು.

ಸುಮಾ: ಎಣ್ಣೆಯನ್ನೇ ಬಿಡಬೇಕಾದ ಕಾಲದಲ್ಲಿ ಇಷ್ಟೆಲ್ಲ ಶ್ರಮವೇಕೆ ಎಂದೂ ಅನಿಸುತ್ತದೆ, ಸರ್.

ರಾಯರು: ಅದು ಬೇರೆಯದೇ ಚರ್ಚೆ. ಆದರೂ ಕೇಳು: ವೋಲ್ವೆ ಇರುವ ಅದೇ ಉತ್ತರ ಸಮುದ್ರದ ಸ್ಲೈಪ್ನರ್ ಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ನೆಲದಡಿಯ ಮರಳು ಪದರಕ್ಕೆ ತುಂಬಿ, ಅದು ಎತ್ತ ಹರಡಿತೆಂದು ಇದೇ ಅಲೆಗಳಿಂದ ಪತ್ತೆಹಚ್ಚಿದರು. ಎಣ್ಣೆ ಬಿಟ್ಟರೂ ಕಲ್ಲನ್ನು ಅರಿಯುವ ಕೆಲಸ ತಪ್ಪದು.

ಸುಮಾ: ಸರಿ. ಆದರೆ ಯಂತ್ರದ ಆಯ್ಕೆ ಅರಿವಲ್ಲವೆಂದರೆ, ಭೌತಶಾಸ್ತ್ರದ ಸೂತ್ರ ಹಿಡಿದು ನೀವು ಮಾಡುತ್ತಿದ್ದ ಲೆಕ್ಕವೂ ಊಹೆಯೇ ಅಲ್ಲವೇ?

ರಾಯರು: ಊಹೆಯೇ. ಆದರೆ ಏನನ್ನು ಒಪ್ಪಿಕೊಂಡು ಹೊರಟೆವು ಎಂಬುದು ಅಲ್ಲಿ ಕಾಗದದ ಮೇಲಿರುತ್ತಿತ್ತು. ಯಾರು ಬೇಕಾದರೂ ಪ್ರಶ್ನಿಸಬಹುದಿತ್ತು. ಯಂತ್ರದಲ್ಲಾದರೆ ಆ ಒಪ್ಪಿಗೆ ಅದಕ್ಕೆ ಕಲಿಸಲು ಬಳಸಿದ ಬಾವಿಗಳೊಳಗೆ ಅಡಗಿ ಕೂತಿರುತ್ತದೆ.

ಸುಮಾ: ಹಾಗಾದರೆ ವರದಿಯಲ್ಲಿ ಏನು ಬರೆಯಲಿ?

ರಾಯರು: ಸರಂಧ್ರತೆ ಶೇ. 22 ಎಂದಷ್ಟೇ ಬರೆಯಬೇಡಮ್ಮ. ಶೇ. 16ರಿಂದ 26ರೊಳಗೆ ಇರಬಹುದು ಎಂದಿದ್ದರೆ ಹಾಗೆಯೇ ಬರೆ. ಯಾವ ಬಾವಿಯನ್ನು ಮುಚ್ಚಿಟ್ಟು ಪರೀಕ್ಷಿಸಿದಿರಿ, ಅಲ್ಲಿ ಎಷ್ಟು ತಪ್ಪಿತು ಎಂಬುದನ್ನೂ ಬರೆ. ಕೊರೆಯಲು ಹಣ ಹಾಕುವವರಿಗೆ ಅದನ್ನು ತಿಳಿಯುವ ಹಕ್ಕಿದೆ.